ಅಡಿಕೆ ಹೆಕ್ಕಿದ ಹಾಗೆ ಫೈಲ್ ಹೆಕ್ಕುವುದು

ತಂಗಿಯ ಮದುವೆ ಮುಗಿದು ತಿಂಗಳಾದ ಮೇಲೆ ಫೋಟೊಗ್ರಾಫರ್ ಒಂದು ಪೆನ್‌ಡ್ರೈವ್ ಕೊಟ್ಟು, "ಆಲ್ಬಮ್‌ಗೆ 150 ಫೋಟೊ ಆರಿಸಿ ಕೊಡಿ" ಅಂದ. ಒಳಗೆ ನೋಡಿದರೆ 2,640 ಫೋಟೊ! ಬೆಂಗಳೂರಿನಿಂದ ಲಾಯಿಲದ ಮನೆಗೆ ಬಂದಿದ್ದ ನನ್ನ ತಲೆಗೇ ಆ ಕೆಲಸ ಬಿತ್ತು. "ನೀನು ಕಂಪ್ಯೂಟರ್‌ನವನಲ್ವಾ, ಹತ್ತು ನಿಮಿಷದ ಕೆಲಸ" ಅಂತ ಅಪ್ಪ ತೀರ್ಪು ಕೊಟ್ಟರು.

ಅಮ್ಮ ಪಕ್ಕದಲ್ಲಿ ಕೂತಳು. "ಇದು ಬೇಕು, ಇದು ಬೇಡ, ಅದು ಇರಲಿ..." ನಾನು ಕಂಟ್ರೋಲ್ ಕೀ ಒತ್ತಿ ಹಿಡಿದು ಒಂದೊಂದೇ ಕ್ಲಿಕ್ ಮಾಡುತ್ತಾ ಹೋದೆ. ಒಂದೂವರೆ ಗಂಟೆಯಲ್ಲಿ 94 ಆಯಿತು. ನಡುವೆ ಚಹಾ ಬಂತು. ಬೆರಳು ಕೀ ಬಿಟ್ಟದ್ದು ಗೊತ್ತೇ ಆಗಲಿಲ್ಲ. ಮುಂದಿನ ಒಂದೇ ಕ್ಲಿಕ್‌ಗೆ 94 ಹೋಗಿ ಒಂದು ಉಳಿಯಿತು.

"ಎಂತ ಆಯ್ತು ಮಗಾ? ಫೋಟೊ ಹೋಯ್ತಾ?"

"ಫೋಟೊ ಉಂಟಮ್ಮಾ, ಹೆಕ್ಕಿದ್ದು ಹೋಯ್ತು."

"ಹೆಕ್ಕಿದ್ದನ್ನು ಆಗಾಗ ಬೇರೆ ಗೋಣಿಗೆ ಹಾಕ್ಲಿಕ್ಕಿಲ್ವಾ? ಅಡಿಕೆ ಹೆಕ್ಕುವಾಗ ಎಲ್ಲವನ್ನೂ ಮಡಿಲಲ್ಲೇ ಇಟ್ಕೊಂಡು ಕೂರ್ತೇವಾ?"

ಎಂಟು ವರ್ಷದಿಂದ ಕೋಡ್ ಬರೆಯುವ ನನಗೆ ಇದಕ್ಕಿಂತ ಒಳ್ಳೆ ಪಾಠ ಯಾರೂ ಹೇಳಿರಲಿಲ್ಲ. ಸೆಲೆಕ್ಟ್ ಆದ ಫೈಲ್‌ಗಳು ಮಡಿಲಲ್ಲಿರುವ ಅಡಿಕೆ ಇದ್ದ ಹಾಗೆ, ಎದ್ದು ನಿಂತರೆ ಚೆಲ್ಲಿಹೋಗುತ್ತವೆ. ಕಂಟ್ರೋಲ್ + ಝಡ್ ಒತ್ತಿದರೂ ಸೆಲೆಕ್ಷನ್ ವಾಪಸ್ ಬರುವುದಿಲ್ಲ. ಆಮೇಲೆ ನಾವು ಇಪ್ಪತ್ತಿಪ್ಪತ್ತರ ಕಂತಿನಲ್ಲಿ ಹೆಕ್ಕಿ, 'ಆಲ್ಬಮ್' ಅನ್ನುವ ಫೋಲ್ಡರ್‌ಗೆ ಕಾಪಿ ಮಾಡುತ್ತಾ ಹೋದೆವು.

ಎರಡು ಕೀ, ಎರಡು ಕೈ

ವಿಂಡೋಸ್‌ನಲ್ಲಿ ನೆನಪಿಡಬೇಕಾದ್ದು ಸ್ವಲ್ಪವೇ. ಅಲ್ಲಲ್ಲಿ ಚದುರಿದ ಫೈಲ್‌ಗಳು ಬೇಕಾದರೆ ಕಂಟ್ರೋಲ್ ಹಿಡಿದು ಕ್ಲಿಕ್. ತಪ್ಪಿ ಆರಿಸಿದ್ದರೆ ಅದರ ಮೇಲೆ ಹಾಗೇ ಇನ್ನೊಮ್ಮೆ ಕ್ಲಿಕ್ ಮಾಡಿದರೆ ಸಾಕು, ಅದೊಂದೇ ಬಿಟ್ಟುಹೋಗುತ್ತದೆ. ಸಾಲಾಗಿರುವ ಫೈಲ್‌ಗಳಿಗೆ ಮೊದಲನೆಯದನ್ನು ಕ್ಲಿಕ್ ಮಾಡಿ, ಕೊನೆಯದನ್ನು ಶಿಫ್ಟ್ ಹಿಡಿದು ಕ್ಲಿಕ್ ಮಾಡಿ. ನಡುವಿನದ್ದೆಲ್ಲ ಬರುತ್ತದೆ. ಅದಕ್ಕೆ ಮೊದಲು ದಿನಾಂಕದ ಪ್ರಕಾರ ಜೋಡಿಸಿಕೊಂಡರೆ ಮೆಹಂದಿ, ಧಾರೆ, ಊಟ ಎಲ್ಲ ತಮ್ಮ ತಮ್ಮ ಸಾಲಲ್ಲೇ ಇರುತ್ತವೆ.

ಮೆಹಂದಿಯದ್ದೊಂದು ಸಾಲು, ಊಟದ್ದೊಂದು ಸಾಲು ಎರಡೂ ಒಟ್ಟಿಗೆ ಬೇಕಾ? ಮೊದಲ ಸಾಲು ಆರಿಸಿ. ಎರಡನೇ ಸಾಲಿನ ಮೊದಲ ಫೋಟೊಗೆ ಕಂಟ್ರೋಲ್ ಹಿಡಿದು ಕ್ಲಿಕ್, ಅದರ ಕೊನೆಯ ಫೋಟೊಗೆ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು ಕ್ಲಿಕ್. ಬೇಡದ್ದೇ ನಾಲ್ಕಾರು ಇದ್ದರೆ ಕಂಟ್ರೋಲ್ + ಎ ಒತ್ತಿ ಎಲ್ಲವನ್ನೂ ಆರಿಸಿ, ಬೇಡದ್ದನ್ನು ಕಂಟ್ರೋಲ್ ಹಿಡಿದು ಕೈಬಿಡಿ. ಎಷ್ಟು ಆರಿಸಿದ್ದೀರಿ ಅನ್ನುವುದು ಕಿಟಕಿಯ ಕೆಳತುದಿಯಲ್ಲೇ ಕಾಣುತ್ತದೆ.

ಮ್ಯಾಕ್ ಇದ್ದರೆ ಕಂಟ್ರೋಲ್ ಬದಲು ಕಮಾಂಡ್ ಕೀ. ಅಲ್ಲಿ ಶಿಫ್ಟ್‌ನಿಂದ ಸಾಲು ಆರಿಸಲು ಲಿಸ್ಟ್ ವ್ಯೂಗೆ ಹೋಗಿ.

ಒಂದು ಕೈ ಕೀಲಿಯ ಮೇಲೆ, ಇನ್ನೊಂದು ಮೌಸ್ ಮೇಲೆ ಇಡುವ ಈ ಪದ್ಧತಿ ಹಳೆಯದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಗ್ಲಸ್ ಎಂಗೆಲ್‌ಬರ್ಟ್ ಮೌಸನ್ನು ಸಭೆಗೆ ತೋರಿಸಿದಾಗಲೂ ಅವರ ಇನ್ನೊಂದು ಕೈಗೆ ಐದು ಕೀಲಿಗಳ ಪುಟ್ಟ ಸಾಧನವೊಂದಿತ್ತು.

ಕೈ ನಡುಗಿದರೆ?

ಇನ್ನೊಂದು ಎಡವಟ್ಟೂ ನನ್ನಿಂದಲೇ ಆಯಿತು. ಕಂಟ್ರೋಲ್ ಹಿಡಿದು ಕ್ಲಿಕ್ ಮಾಡುವಾಗ ಮೌಸ್ ಚೂರು ಜಾರಿದರೆ, 'ಎಳೆದು ಕಾಪಿ ಮಾಡು' ಅಂತ ಕಂಪ್ಯೂಟರ್ ಅರ್ಥ ಮಾಡಿಕೊಳ್ಳುತ್ತದೆ. ಆರಿಸಿದ್ದಕ್ಕೆಲ್ಲ ಅದೇ ಫೋಲ್ಡರ್‌ನಲ್ಲಿ ಜೋಡಿ ಹುಟ್ಟುತ್ತದೆ. ಗಾಬರಿ ಬೇಡ, ಇದಕ್ಕೆ ಕಂಟ್ರೋಲ್ + ಝಡ್ ಕೆಲಸ ಮಾಡುತ್ತದೆ.

ಕೆಲಸ ಮಾಡದೆ ಇರುವುದು ಪೆನ್‌ಡ್ರೈವ್‌ನಿಂದ ಡಿಲೀಟ್ ಮಾಡಿದಾಗ. ಅದು ರೀಸೈಕಲ್ ಬಿನ್‌ಗೆ ಹೋಗದೆ ನೇರ ಅಳಿಸಿಹೋಗುತ್ತದೆ. ಇದು ಗೊತ್ತಿದ್ದೂ, 150 ಮುಗಿದ ಖುಷಿಯಲ್ಲಿ ಪೆನ್‌ಡ್ರೈವ್ ಖಾಲಿ ಮಾಡೋಣ ಅಂತ ಕಂಟ್ರೋಲ್ + ಎ ಒತ್ತಿ, ಡಿಲೀಟ್ ಮೇಲೆ ಬೆರಳಿಟ್ಟಿದ್ದೆ. ಫೋಟೊಗಳಿಗೆ ಬೇರೆ ಪ್ರತಿ ಎಲ್ಲೂ ಇರಲಿಲ್ಲ.

"ಉಳಿದದ್ದನ್ನು ಬಿಸಾಡ್ತೀಯಾ?" ಅಮ್ಮ ತಡೆದಳು. "ಬೇಡ ಅಂದದ್ದು ಆಲ್ಬಮ್‌ಗೆ ಮಾರಾಯ. ಕರಿಗೋಟನ್ನು ಯಾರಾದ್ರೂ ಬಿಸಾಡ್ತಾರಾ? ಅದಕ್ಕೂ ರೇಟುಂಟು."

ಬಿಟ್ಟೆ. ಎಲ್ಲವನ್ನೂ ಲ್ಯಾಪ್‌ಟಾಪ್‌ಗೊಮ್ಮೆ, ಹಾರ್ಡ್ ಡಿಸ್ಕ್‌ಗೊಮ್ಮೆ ಕಾಪಿ ಮಾಡಿದೆ.

ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಗೋಡೆಗೆ ಹಾಕಲು ಫೋಟೊ ಬೇಕಾಯಿತು. ಆಲ್ಬಮ್‌ನ 150ರಲ್ಲಿ ಅಜ್ಜಿ ಎರಡು ಕಡೆ ಇದ್ದರು, ಎರಡರಲ್ಲೂ ಗುಂಪಿನ ನಡುವೆ, ಮುಖ ಬಿಗಿದುಕೊಂಡು. ಉಳಿದ 2,490ರಲ್ಲಿ ಹುಡುಕಿದಾಗ ಊಟದ ಸಾಲಿನಲ್ಲಿ ಒಂದು ಸಿಕ್ಕಿತು. ಯಾರದೋ ಹೆಗಲಿನ ಹಿಂದೆ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ, ಬಾಯಿ ತುಂಬ ನಗುತ್ತಿದ್ದಾರೆ.

ಅದನ್ನೇ ದೊಡ್ಡದು ಮಾಡಿಸಿ ಜಗಲಿಯಲ್ಲಿ ಹಾಕಿದ್ದೇವೆ.