ಹೆದ್ದಾರಿ ಊರು ಬಿಟ್ಟು ಹೋದರೂ ಗಿರಾಕಿ ಬರಬೇಕಲ್ಲ?

ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 275 ಪುತ್ತೂರು, ಸುಳ್ಯ, ಮಡಿಕೇರಿ, ಮೈಸೂರು ದಾಟಿ, ಮಂಡ್ಯ ಮದ್ದೂರಿನ ಮೇಲೆ ಬೆಂಗಳೂರು ಸೇರುತ್ತದೆ. ನಮ್ಮ ಎಷ್ಟೋ ಮನೆಯ ಹುಡುಗರು ಇದೇ ದಾರಿ ಹಿಡಿದು ಘಟ್ಟ ಹತ್ತಿದವರು. ಬೇಕರಿಯೋ, ಜ್ಯೂಸ್ ಅಂಗಡಿಯೋ, ಚಪ್ಪಲಿ ಅಂಗಡಿಯೋ, ರೋಡ್ ಸೈಡಲ್ಲಿ ಒಂದು ಜಾಗ ಸಿಕ್ಕಿದರೆ ಸಾಕು, ವ್ಯಾಪಾರ ತಾನಾಗಿ ಆಗುತ್ತದೆ ಎಂಬುದು ನಮ್ಮ ಹಳೆಯ ಲೆಕ್ಕ.

ಆ ಲೆಕ್ಕ ಈಗ ತಪ್ಪಿದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮಂಡ್ಯಕ್ಕೂ ಬೈಪಾಸ್, ಮದ್ದೂರಿಗೂ ಬೈಪಾಸ್. ಪ್ರಯಾಣದ ಸಮಯ ಉಳಿಯಿತು, ಒಳ್ಳೆಯದೇ. ಆದರೆ ಊರೊಳಗೆ ನಿಧಾನವಾಗಿ ಸಾಗುತ್ತಿದ್ದ ಕಾರುಗಳೇ ಹಳೇ ರಸ್ತೆಯ ಅಂಗಡಿಗಳಿಗೆ ಅನ್ನ ಕೊಡುತ್ತಿದ್ದವು. ಅವು ಈಗ ಊರಾಚೆಯೇ ಹಾರಿ ಹೋಗುತ್ತವೆ. ಬೋರ್ಡು ಎಷ್ಟು ದೊಡ್ಡದಿದ್ದರೇನು, ಓದುವವರು ಆ ದಾರಿಯಲ್ಲಿ ಬರಬೇಡವೇ?

ಮದ್ದೂರು ವಡೆಯ ಕತೆಯನ್ನೇ ನೋಡಿ. 1917ರ ಹೊತ್ತಿಗೆ ಮದ್ದೂರು ರೈಲು ನಿಲ್ದಾಣದಲ್ಲಿ ಅದು ಹುಟ್ಟಿತು ಎನ್ನುತ್ತಾರೆ. ರೈಲು ನಿಲ್ಲುತ್ತಿತ್ತು, ಜನ ತಿನ್ನುತ್ತಿದ್ದರು, ಊರಿಗೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಹೆಸರು ಬಾಯಿಂದ ಬಾಯಿಗೆ ಹಬ್ಬಿತು. ಅಂದರೆ ಜನ ಮೊದಲು ನಿಂತರು, ಆಮೇಲೆ ತಿಂದರು. ಈಗ ಎಲ್ಲವೂ ಉಲ್ಟಾ. ಎಲ್ಲಿ ನಿಲ್ಲಬೇಕು ಎಂದು ಮೊದಲೇ ಮೊಬೈಲಿನಲ್ಲಿ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಮಾಡಿಸುವುದು ಒಂದು ಫೋಟೋ.

ಮೊದಲು ದಾರಿ ತೋರಿಸಿ

ಫೋಟೋ ಹಂಚುವ ತಾಣಗಳು ಹೊಸದಲ್ಲ. ಫ್ಲಿಕರ್ ಬಂದದ್ದು 2004ರಲ್ಲಿ, ಇನ್‌ಸ್ಟಾಗ್ರಾಮ್ 2010ರಲ್ಲಿ. ಆದರೆ ಬೈಪಾಸ್ ಆದ ಊರಿನ ಅಂಗಡಿಗೆ ಮೊದಲು ಬೇಕಾದದ್ದು ಗೂಗಲ್ ಮ್ಯಾಪ್. ಅಂಗಡಿಯ ಹೆಸರು, ತೆರೆಯುವ ಸಮಯ, ಫೋನ್ ನಂಬರ್ ಸೇರಿಸಲು ಅಲ್ಲಿ ಕಾಸು ಕೊಡಬೇಕಿಲ್ಲ. ಜೊತೆಗೆ ಮೂರು ಫೋಟೋ ಹಾಕಿ: ಅಂಗಡಿಯ ಎದುರು ಭಾಗ, ಮಾರುವ ವಸ್ತು, ಎಕ್ಸ್‌ಪ್ರೆಸ್‌ವೇಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಜಾಗ. ಮೂರನೆಯದನ್ನು ನಾವು ಮರೆಯುತ್ತೇವೆ. ಇಳಿಯುವ ಜಾಗ ತಪ್ಪಿಸಿಕೊಂಡ ಗಿರಾಕಿ ವಾಪಸ್ ತಿರುಗಿಸಿಕೊಂಡು ಬರುವುದಿಲ್ಲ.

ಚಂದಕ್ಕಿಂತ ನಿಜ ಮುಖ್ಯ

ನೆಟ್ಟಿನಿಂದ ಇಳಿಸಿದ ಬಿರಿಯಾನಿ ಫೋಟೋವನ್ನು ನಮ್ಮದೆಂದು ಹಾಕುವ ಚಾಳಿ ಬಿಡೋಣ. ಬಂದವನ ತಟ್ಟೆಯಲ್ಲಿ ಬೇರೆಯೇ ಇದ್ದರೆ ಅವನೂ ಫೋಟೋ ತೆಗೆದು ಹಾಕುತ್ತಾನೆ!

ಮಂಡ್ಯದ ಆಲೆಮನೆ ಬೆಲ್ಲ ಇದಕ್ಕೆ ಒಳ್ಳೆಯ ಪಾಠ. ಬಣ್ಣ ಬರಲೆಂದು ಹೈಡ್ರೋಸ್ ಹಾಕಿದ ಬೆಲ್ಲ ತಿಳಿ ಹಳದಿ, ಹಾಕದಿದ್ದದ್ದು ಸಾಮಾನ್ಯವಾಗಿ ಕಂದು. ಫೋಟೋ ಹೊಳೆಯಲಿ ಎಂದು ಫಿಲ್ಟರ್ ಹಾಕಿದರೆ ಒಳ್ಳೆಯ ಬೆಲ್ಲವೂ ಕಲಬೆರಕೆಯಂತೆ ಕಾಣುತ್ತದೆ. ಬೆಳಿಗ್ಗೆಯ ಬೆಳಕಿನಲ್ಲಿ, ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಕೆಳಗೆ ಕನ್ನಡದಲ್ಲೇ ಎರಡು ಸಾಲು, ಜೊತೆಗೆ ಬೆಲೆ ಬರೆಯಿರಿ. 'ರೇಟಿಗೆ ಇನ್‌ಬಾಕ್ಸ್‌ಗೆ ಬನ್ನಿ' ಅಂದರೆ ಅರ್ಧ ಜನ ಅಲ್ಲಿಂದಲೇ ಹೋಗುತ್ತಾರೆ.

ಇನ್ನೊಂದು ಮಾತು. ದಿನಾ 'ನಮ್ಮಲ್ಲಿಗೆ ಬನ್ನಿ' ಅಂತ ಕೂಗಿದರೆ ಯಾರು ನೋಡ್ತಾರೆ? ಮಳವಳ್ಳಿಗೆ ರೈಲೂ ಇಲ್ಲ, ಎಕ್ಸ್‌ಪ್ರೆಸ್‌ವೇಯೂ ಇಲ್ಲ. ಆದರೆ ಆ ತಾಲ್ಲೂಕಿನಲ್ಲಿ ಗಗನಚುಕ್ಕಿ ಇದೆ. ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ಜನ ಹುಡುಕುವುದು ಅದನ್ನೇ. ಇವತ್ತು ನೀರು ಎಷ್ಟಿದೆ ಎಂದು ಒಂದು ಫೋಟೋ ಹಾಕುವ ಟೀ ಅಂಗಡಿಯವನನ್ನು ಜನ ನೆನಪಿಡುತ್ತಾರೆ. ಪಕ್ಕದ ಅಂಗಡಿಯ ಒಳ್ಳೆಯ ಫೋಟೋಕ್ಕೂ ನಾಲ್ಕು ಮಾತು ಬರೆಯೋಣ. ಕೊಟ್ಟು ತೆಗೆದುಕೊಳ್ಳುವುದು ಅಲ್ಲೂ ಇದೆ.

ಮುಖ ಬೇಡ, ಕೈರುಚಿ ಸಾಕು

ಈ ಮಾತು ಅಂಗಡಿಗಷ್ಟೇ ಅಲ್ಲ. ಮನೆಯಲ್ಲೇ ಪತ್ತಿರ್, ಸಮೋಸ, ಕೇಕ್ ಮಾಡಿ ಮಾರುವ ನಮ್ಮ ಉಮ್ಮಂದಿರು, ತಂಗಿಯಂದಿರು ಹಲವರು. ಫೋಟೋ ಎಂದ ಕೂಡಲೇ ಹಿಂಜರಿಯುತ್ತಾರೆ. ಮುಖ ತೋರಿಸಲೇಬೇಕೆಂದಿಲ್ಲ. ಹಿಟ್ಟು ತಟ್ಟುವ ಕೈ, ಹಬೆಯಾಡುವ ಪಾತ್ರೆ, ಕಟ್ಟಿಟ್ಟ ಪೊಟ್ಟಣ ಸಾಕು. ಮಕ್ಕಳ ಫೋಟೋ, ಮನೆಯ ವಿಳಾಸ ಹಾಕಬೇಡಿ. ವ್ಯಾಪಾರಕ್ಕೆ ಬೇರೆಯೇ ನಂಬರ್ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ತಿಂಡಿಯ ಫೋಟೋ, ಬೆಲೆ ಜೋಡಿಸಿಡಬಹುದು. ತಿನ್ನುವ ವಸ್ತು ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರನ್ನೂ ಹಾಕಿದರೆ ಗಿರಾಕಿಗೆ ನಂಬಿಕೆ.

ಮೋಸಗಾರರೂ ಅಲ್ಲೇ ಇದ್ದಾರೆ. 'ದೊಡ್ಡ ಆರ್ಡರ್ ಇದೆ, ಈ ಕೋಡ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ' ಎಂದರೆ ಫೋನ್ ಇಟ್ಟುಬಿಡಿ. ದುಡ್ಡು ಬರಲು ಯುಪಿಐ ಪಿನ್ ಒತ್ತಬೇಕಿಲ್ಲ, ಹೋಗಲು ಮಾತ್ರ ಒತ್ತಬೇಕು. ಕಳಕೊಂಡರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಫೋಟೋ ಒಮ್ಮೆ ಗಿರಾಕಿಯನ್ನು ಕರೆತರಬಹುದು. ಎರಡನೇ ಸಲ ಕರೆತರುವುದು ತೂಕ, ರುಚಿ, ನಡತೆ. ಘಟ್ಟ ಹತ್ತಿ ಹೋದ ನಮ್ಮ ಹಿರಿಯರು ಊರೂರಲ್ಲಿ ಹೆಸರು ಗಳಿಸಿದ್ದು ಅದರಿಂದಲೇ. ಇವತ್ತು ಸಂಜೆ ಅಂಗಡಿ ಮುಚ್ಚುವ ಮೊದಲು ಮಗನನ್ನೋ ಮಗಳನ್ನೋ ಪಕ್ಕಕ್ಕೆ ಕೂರಿಸಿಕೊಂಡು ಮ್ಯಾಪಿನಲ್ಲಿ ನಮ್ಮ ಅಂಗಡಿ ಇದೆಯೇ ಎಂದು ನೋಡೋಣ. ಇಲ್ಲದಿದ್ದರೆ ಕೆಲಸ ಅಲ್ಲಿಂದಲೇ ಶುರು.