ಗಣಿ ಪ್ರದೇಶದ ಕೆರೆಗಳಲ್ಲಿ ಲೋಹಾಂಶ ಹಾಗೂ ಮೀನು ಕೃಷಿ: ಸಾರ್ವಜನಿಕ ಮಾಹಿತಿ

ಹಿನ್ನೆಲೆ
ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಟ್ಟಸಾಲಿನಲ್ಲಿ ಕಬ್ಬಿಣ ಹಾಗೂ ಮ್ಯಾಂಗನೀಸ್ ಅದಿರುಗಳಿವೆ. ಮಾನ್ಯ ಸರ್ವೋಚ್ಚ ನ್ಯಾಯಾಲಯವು 2011ರ ಆಗಸ್ಟ್‌ನಲ್ಲಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ತೀವ್ರ ಉಲ್ಲಂಘನೆಯ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಆದರೆ ಗಣಿ ನಿಂತರೂ, ತ್ಯಾಜ್ಯ ಮಣ್ಣಿನ ರಾಶಿಗಳಿಂದ ಮಳೆನೀರಿನೊಡನೆ ಹರಿದುಬಂದ ಹೂಳು ಕೆರೆಯ ತಳದಲ್ಲಿ ಉಳಿಯುತ್ತದೆ.

ಮೀನಿನ ಮೇಲಾಗುವ ಪರಿಣಾಮ
1. ಸೂಕ್ಷ್ಮ ಕೆಮ್ಮಣ್ಣು ಕಿವಿರುಗಳಲ್ಲಿ ಸೇರಿ ಉಸಿರಾಟಕ್ಕೆ ತಡೆಯೊಡ್ಡುತ್ತದೆ.
2. ತಳದ ನೀರಿನಲ್ಲಿ ಆಮ್ಲಜನಕ ಕುಗ್ಗಿದಾಗ ಹೂಳಿನಲ್ಲಿರುವ ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗುತ್ತವೆ. ಕರಗಿದ ಕಬ್ಬಿಣವು ಆಮ್ಲಜನಕ ದೊರೆತೊಡನೆ ಕಂದು ಲೇಪವಾಗಿ ಕಿವಿರಿಗೆ ಅಂಟುತ್ತದೆ.
3. ಜಲಸಸ್ಯಗಳಿಗೆ ಅಂಟಿಕೊಂಡಿರುವ ಸಾಮಾನ್ಯ ಗೆಂಡೆಯ ಮೊಟ್ಟೆಗಳು ಹೂಳು ಮುಚ್ಚಿ ನಾಶವಾಗುತ್ತವೆ.
4. ಲೋಹಾಂಶವು ಮಾಂಸಕ್ಕಿಂತ ಕಿವಿರು, ಯಕೃತ್ತು ಹಾಗೂ ಮೂತ್ರಪಿಂಡಗಳಲ್ಲಿ ಹೆಚ್ಚಾಗಿ ಸಂಗ್ರಹವಾಗುತ್ತದೆ. ಆದುದರಿಂದ ಅಡುಗೆಗೆ ಮುನ್ನ ಇವುಗಳನ್ನು ತೆಗೆದುಹಾಕತಕ್ಕದ್ದು.

ಕೆರೆ ಗುತ್ತಿಗೆಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ
ಗಣಿ ಪ್ರದೇಶದ ಕೆಳಭಾಗದ ಕೆರೆಗಳಲ್ಲಿ ಕಾಟ್ಲಾ, ರೋಹು ಅಥವಾ ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಡುವ ಮುನ್ನ ಮೇಲ್ಭಾಗದ ಹಾಗೂ ತಳದ ನೀರನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳುವುದು ಸೂಕ್ತ. ರಸಸಾರ 6.5ರಿಂದ 8.5 ಹಾಗೂ ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ. ಇರುವುದು ಉತ್ತಮ. ತೆಂಗಿನ ತೋಟಕ್ಕೆ ಕೆರೆಗೋಡು ಸಾಗಿಸುವ ರೈತರೂ ಹೂಳಿನ ಪರೀಕ್ಷೆ ಮಾಡಿಸಬಹುದು.

ಮೀನುಗಳು ಸಾಮೂಹಿಕವಾಗಿ ಸತ್ತಲ್ಲಿ ಅವುಗಳನ್ನು ಮಾರಾಟ ಮಾಡದೆ, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹಾಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೂಡಲೇ ಲಿಖಿತವಾಗಿ ತಿಳಿಸತಕ್ಕದ್ದು.