ಎಂಡೊಮೆಟ್ರಿಯೋಸಿಸ್ ರೋಗದಲ್ಲಿ ಪ್ರಶ್ನಪರೀಕ್ಷೆಯ ಪ್ರಾಧಾನ್ಯ

ದರ್ಶನ, ಸ್ಪರ್ಶನ, ಪ್ರಶ್ನ ಎಂಬೀ ಮೂರರಿಂದ ರೋಗಿಯನ್ನು ಪರೀಕ್ಷಿಸತಕ್ಕುದೆಂದು ಅಷ್ಟಾಂಗಹೃದಯದಲ್ಲಿ ವಾಗ್ಭಟನ ಮತ. ಇವುಗಳಲ್ಲಿ ಪ್ರಶ್ನವು ಉಪೇಕ್ಷಿತವಾದರೆ ಒದಗುವ ಹಾನಿಗೆ ಎಂಡೊಮೆಟ್ರಿಯೋಸಿಸ್ ಎಂಬ ರೋಗವು ಸ್ಪಷ್ಟವಾದ ನಿದರ್ಶನ.

ಗರ್ಭಾಶಯದ ಒಳಪೊರೆಯಂತಹ ಧಾತುವು ಅಂಡಾಶಯಾದಿ ಅನ್ಯಸ್ಥಾನಗಳಲ್ಲಿ ಬೆಳೆಯುವುದೇ ಈ ರೋಗ. ಋತುಚಕ್ರವನ್ನನುಸರಿಸಿ ಅದರಲ್ಲಿಯೂ ರಕ್ತವು ಸ್ರವಿಸುವುದರಿಂದ ಉರಿಯೂತವೂ, ಅಂಗಗಳ ಅಂಟಿಕೆಯೂ, ತೀವ್ರವೇದನೆಯೂ, ಕೆಲವರಲ್ಲಿ ಬಂಧ್ಯತ್ವವೂ ಉಂಟಾಗುವುವು. ಋತುರಕ್ತವು ಹಿಮ್ಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು ಅಮೆರಿಕದ ಸ್ಯಾಂಪ್ಸನ್ 1927ರಲ್ಲಿ ಪ್ರತಿಪಾದಿಸಿದನು. ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ನೂರಕ್ಕೆ 10 ಮಂದಿ ಇದರಿಂದ ಪೀಡಿತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಗಣನೆ. ಆದರೂ, ಮುಟ್ಟಿನ ನೋವು ಹೆಣ್ಣಿಗೆ ಸಹಜವೆಂಬ ಮಾತಿನಿಂದ ರೋಗನಿರ್ಣಯವು ವರ್ಷಗಟ್ಟಲೆ ತಡವಾಗುವುದುಂಟು.

ಹಿಂದೆ ಲ್ಯಾಪರೊಸ್ಕೋಪಿಯಿಂದ ಉದರದೊಳಗನ್ನು ನೋಡುವುದೇ ಪರಮಪ್ರಮಾಣವೆನಿಸಿದ್ದಿತು. 2022ರಲ್ಲಿ ಐರೋಪ್ಯ ತಜ್ಞರ ಮಾರ್ಗಸೂಚಿಯು ಅದಕ್ಕೆ ಆ ಸ್ಥಾನವನ್ನುಳಿಸಲಿಲ್ಲ, ಅಲ್ಟ್ರಾಸೌಂಡ್, ಎಂ.ಆರ್.ಐ.ಗಳಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆನ್ನಲಾಗದೆಂದೂ, ಲಕ್ಷಣಗಳನ್ನನುಸರಿಸಿ ಚಿಕಿತ್ಸೆಯನ್ನಾರಂಭಿಸಬಹುದೆಂದೂ ತಿಳಿಸಿತು.

ಹೀಗೆ ದರ್ಶನವು ಸಾಲದೆಡೆಯಲ್ಲಿ ಪ್ರಶ್ನವೇ ಆಧಾರ. ನೋವು ಯಾವಾಗ ತೊಡಗುವುದು, ಮಲಮೂತ್ರವಿಸರ್ಜನೆಯಲ್ಲಿಯೂ ದಾಂಪತ್ಯಸಂಗದಲ್ಲಿಯೂ ಹೆಚ್ಚುವುದೇ, ನಿತ್ಯದ ಕೆಲಸಕ್ಕೆ ಅಡ್ಡಿಯಾಗುವುದೇ ಎಂದು ಕೇಳತಕ್ಕುದು. ಚರಕಸಂಹಿತೆಯ 20 ಯೋನಿವ್ಯಾಪತ್ತುಗಳಲ್ಲಿ ಒಂದಾದ ಉದಾವರ್ತಿನಿಯಲ್ಲಿ ರಕ್ತವು ಹೊರಬಿದ್ದೊಡನೆ ಸುಖವುಂಟು. ಈ ರೋಗದ ನೋವು ಅನೇಕರಲ್ಲಿ ಬಳಿಕವೂ ನಿಲ್ಲದು. ಆದುದರಿಂದ ಎರಡನ್ನೂ ಒಂದೆನ್ನುವುದು ಯುಕ್ತವಲ್ಲ. ಈ ಭೇದವನ್ನು ಅರುಹಬಲ್ಲವಳು ರೋಗಿಯೊಬ್ಬಳೇ. ಆಕೆಯ ಮಾತನ್ನು ನಂಬಿ ಆಲಿಸುವುದನ್ನೂ ನಿದಾನದ ಅಂಗವೆಂದೇ ಎಣಿಸತಕ್ಕುದು.